ಮೂರು ಸಲ ಒತ್ತಿದ ಹೆಬ್ಬೆಟ್ಟು

“ಅದೇನು ಹೆಬ್ಬೆಟ್ಟೋ, ಸವೆದ ಸಾಬೂನೋ? ಒರೆಸ್ಕೊಂಡು ಒತ್ತು, ದರಿದ್ರ ಮುಂಡೇದೆ. ನಿನ್ನಿಂದ ಹಿಂದಿನವ್ರೆಲ್ಲ ಲೇಟು.”

ಹಾಜರಿ ಯಂತ್ರದ ಪಕ್ಕ ನಿಂತು ಮೇಸ್ತ್ರಿ ದಿನಾ ಬೆಳಿಗ್ಗೆ ನಮ್ಮ ಚಿಕ್ಕಮ್ಮನಿಗೆ ಮಾಡುತ್ತಿದ್ದ ಮಂಗಳಾರತಿ ಇದು. ಚಿಕ್ಕಮ್ಮ ಹದಿನೆಂಟು ವರ್ಷದಿಂದ ಬಟ್ಟೆ ಒಗೆಯುವ ಈ ಕಾರ್ಖಾನೆಯ ಬ್ಲೀಚಿಂಗ್ ತೊಟ್ಟಿಯಲ್ಲಿ ಆಸ್ಪತ್ರೆಯ ಹಾಸುಬಟ್ಟೆ ತಿಕ್ಕುತ್ತಿದ್ದಳು. ರಕ್ತದ ಕಲೆಯನ್ನೇ ತಿನ್ನುವ ನೀರು ಬೆರಳಿನ ಗೆರೆಗಳನ್ನು ಬಿಟ್ಟೀತೆ? ತೊಟ್ಟಿಯ ಹದಿನಾಲ್ಕು ಹೆಂಗಸರದ್ದೂ ಅದೇ ಪಾಡು. ಯಂತ್ರ ಕೆಂಪು ದೀಪ ತೋರಿಸುವುದು, ಇವರು ಹೆಬ್ಬೆಟ್ಟನ್ನು ಒರೆಸಿ, ಉಫ್ ಎಂದು ಊದಿ ಮತ್ತೆ ಒತ್ತುವುದು. ಮೂರೋ ನಾಲ್ಕೋ ಸಲಕ್ಕೆ ಹಸಿರು. ನಾನೊಬ್ಬಳು ಮಾತ್ರ ಒಣಗಿದ ಬಟ್ಟೆ ಮಡಿಸುವ ಮೇಜಿನವಳು, ನನ್ನದು ಒಂದೇ ಏಟಿಗೆ ಹಸಿರು.

ಚಿಕ್ಕಮ್ಮನಿಗೆ ಮುಂದಿನ ನಾಲ್ಕು ಹಲ್ಲಿರಲಿಲ್ಲ. ಕಟ್ಟಿಸಿಕೊಳ್ಳಬೇಕೆಂದು ಬಹಳ ದಿನದ ಆಸೆ. ಚಂದಕ್ಕಲ್ಲ. ಬಯ್ಯುವಾಗ ಗಾಳಿ ಸೋರಿಹೋಗುತ್ತದೆ, ಬೈಗುಳಕ್ಕೆ ತೂಕವೇ ಬರುವುದಿಲ್ಲ ಎಂಬುದು ಅವಳ ದೂರು.

ಹಾಗಿರುವಾಗ ಒಂದು ದಿನ ಮೇಸ್ತ್ರಿ ಸಾಲ ಕೊಡುವ ಕಂಪನಿಯ ಏಜೆಂಟನೊಬ್ಬನನ್ನು ಇಸ್ತ್ರಿ ಕೋಣೆಗೆ ಕರೆತಂದ. ಆ ಸೆಕೆಯಲ್ಲೂ ಕುತ್ತಿಗೆಗೆ ಟೈ ಬಿಗಿದುಕೊಂಡಿದ್ದರಿಂದ ನಾವು ಅವನಿಗೆ ಟೈ ಎಂದೇ ಹೆಸರಿಟ್ಟೆವು. ಟೈ ನಮ್ಮನ್ನು ಅಮ್ಮ, ತಾಯಿ, ಅಕ್ಕ ಎಂದೆಲ್ಲ ಕರೆದ. ಹತ್ತು ಸಾವಿರ ಸಾಲ, ಜಾಮೀನು ಬೇಡ, ಕಂತು ಸಂಬಳದಲ್ಲೇ ಮುರಿದುಕೊಳ್ಳುತ್ತೇವೆ, ಆದರೆ ಇವತ್ತೇ ಕೊನೆಯ ದಿನ ಎಂದ. ಫಾರಂ ಖರ್ಚೆಂದು ಮೊದಲೇ ತಲೆಗೆ ಐನೂರು ಕಿತ್ತುಕೊಂಡ. ಓದಲು ಕಾಗದ ಕೊಡಿ ಎಂದು ನಾನು ಕೇಳಿದ್ದಕ್ಕೆ, ಎಲ್ಲ ಯಂತ್ರದಲ್ಲೇ ಇದೆ, ಕಾಗದ ಮನೆಗೆ ಬರುತ್ತದೆ ಎಂದು ನಕ್ಕ. ನಾನೂ ನಕ್ಕೆ. ನನಗೂ ದುಡ್ಡು ಬೇಕಿತ್ತು.

ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರ. ಚಿಕ್ಕಮ್ಮ ಹೆಬ್ಬೆಟ್ಟು ಒತ್ತಿದಳು.

“ಹಿಡೀಲಿಲ್ಲ ತಾಯಿ. ಇನ್ನೊಂದ್ಸಲ.”

ಅವಳು ಒರೆಸಿದಳು, ಊದಿದಳು, ಒತ್ತಿದಳು. ಅದೂ ಹಿಡಿಯಲಿಲ್ಲವಂತೆ. ಮತ್ತೆ ಒತ್ತಿದಳು. ಈ ಯಂತ್ರವೂ ಮೇಸ್ತ್ರಿಯ ಜಾತಿಯದೇ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಹದಿನಾಲ್ಕು ಜನರೂ ಮೂರು ಮೂರು ಸಲ ಒತ್ತಿದರು. ನನ್ನ ಕೈಯಲ್ಲೂ ಮೂರು ಸಲ ಒತ್ತಿಸಿದ. ಬೆವರಿತ್ತೇನೋ ಅಂದುಕೊಂಡೆ.

ದುಡ್ಡು ಬಂತು, ಹಲ್ಲೂ ಬಂತು. ಒಂದು ವಾರ ಚಿಕ್ಕಮ್ಮ ತೊಟ್ಟಿ ಅದುರುವಂತೆ ಬಯ್ದಳು. ನೀರಿನ ಪೈಪನ್ನೂ ಬಿಡಲಿಲ್ಲ.

ಆಮೇಲೆ ಸಂಬಳದ ದಿನ. ಅವಳ ಕೈಗೆ ಬಂದದ್ದು ಅರ್ಧವೂ ಅಲ್ಲ. ಮನೆ ಬಾಡಿಗೆಗೆ ಕೊಟ್ಟರೆ ಹೊಟ್ಟೆಗೆ ಉಳಿಯುತ್ತಿರಲಿಲ್ಲ. ಹೋಗಿ ಕೇಳಿದಳು. ಲಾರಿಗೆ ಗಂಟು ಹೇರುತ್ತಿದ್ದ ಗಂಡಸರಿಗೆಲ್ಲ ಕೇಳಲೆಂದೇ ಮೇಸ್ತ್ರಿ ದನಿ ಎತ್ತರಿಸಿದ.

“ಸಾಲ ಮಾಡಿ ಹಲ್ಲು ಕಟ್ಟಿಸ್ಕೊಂಡ್ಯಲ್ಲ, ಈಗ ಅದನ್ನೇ ಕಿರ್ಕೊಂಡು ಬೀದೀಲಿ ಭಿಕ್ಷೆ ಬೇಡು, ಹೋಗು.”

ಗಂಡಸರು ನಕ್ಕರು. ಚಿಕ್ಕಮ್ಮ ಬಾಯಿ ಮುಚ್ಚಿಕೊಂಡು ವಾಪಸು ಬಂದು ಸಂಬಳದ ಚೀಟಿಯನ್ನು ನನ್ನ ಮಡಿಲಿಗೆ ಎಸೆದಳು. ಓದಿದೆ. ಒಂದಲ್ಲ, ಮೂರು ಸಾಲದ ನಂಬರು, ಮೂರು ಕಂತು.

“ಮೂರಾ? ಇನ್ನೆರಡು ಸೆಟ್ ಹಲ್ಲು ಎಲ್ಲಿಟ್ಟೆ ನಾನು?” ಅಂದಳು.

ನನ್ನ ಚೀಟಿ ತೆಗೆದೆ. ನನಗೂ ಮೂರು.

“ಚಿಕ್ಕಮ್ಮ, ನನ್ನ ಹೆಬ್ಬೆಟ್ಟು ಯಾವಾಗ್ಲೂ ಒಂದೇ ಸಲಕ್ಕೆ ಹಿಡಿಯತ್ತಲ್ವಾ? ಆವತ್ತು ಯಾಕೆ ಮೂರು ಸಲ ಒತ್ತಿಸ್ದ?”

ತೊಟ್ಟಿಯಲ್ಲಿ ತಿಕ್ಕುವ ಸದ್ದು ನಿಂತಿತು. ಹಿಡಿಯದ ಹೆಬ್ಬೆಟ್ಟೆಂದು ದಿನಾ ಬೈಸಿಕೊಂಡು ಅಭ್ಯಾಸವಾದವರಿಗೆ ಹಿಡಿದದ್ದು ಗೊತ್ತಾಗುವುದು ಹೇಗೆ? ಪ್ರತಿ ಸಲವೂ ಹಿಡಿದಿತ್ತು. ಒಂದೊಂದು ಒತ್ತಿಗೆ ಒಂದೊಂದು ಸಾಲ. ಒಂದರ ದುಡ್ಡು ನಮ್ಮ ಕೈಗೆ ಬಂದಿತ್ತು. ಉಳಿದದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಅಂಗಳದಲ್ಲಿ ನಿಂತಿದ್ದ ಮೇಸ್ತ್ರಿಯ ಬೈಕಿನ ಸೀಟಿಗೆ ಹೊದಿಸಿದ್ದ ಪ್ಲಾಸ್ಟಿಕ್ಕು ಇನ್ನೂ ಕಿತ್ತಿರಲಿಲ್ಲ.

ಚಿಕ್ಕಮ್ಮ ಸೀದಾ ಗೇಟಿನ ಕಡೆ ನಡೆದಳು. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಹೊರಟೆವು. ಗೇಟು ದಾಟಿದವರಿಗೆ ಇವತ್ತಿನ ಕೂಲಿ ಇಲ್ಲವೆಂದು ಮೇಸ್ತ್ರಿ ಅಡ್ಡ ನಿಂತ.

“ನನ್ ಕೂಲೀನ ನಿನ್ ಹೆಣದ ಮೇಲೆ ಹಾಕ್ಕೊಳೋ ಬೋಳಿಮಗನೆ,” ಎಂದಳು. ಒಂದಕ್ಷರವೂ ಸೋರಲಿಲ್ಲ.

ಸಾಲದ ಕಂಪನಿಯ ಕಚೇರಿ ಎರಡು ಬೀದಿಯಾಚೆ, ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಅಲ್ಲಿನ ಸಾಹೇಬ ಕುರ್ಚಿ ಬಿಟ್ಟು ಏಳಲಿಲ್ಲ. ಹೆಬ್ಬೆಟ್ಟು ನಿಮ್ಮದೇ, ಯಂತ್ರ ಸುಳ್ಳು ಹೇಳುವುದಿಲ್ಲ, ನೀವು ತಿಂದು ತೇಗಿ ಈಗ ನಾಟಕ ಆಡಬೇಡಿ ಎಂದ. ನಾವು ಹದಿನೈದು ಜನ ನೆಲದ ಮೇಲೆ ಕೂತೆವು. ಒದ್ದೆ ಏಪ್ರನ್ನುಗಳಿಂದ ಬ್ಲೀಚಿಂಗ್ ನೀರು ಇಳಿದು ಅವನ ಮೇಜಿನ ಕಾಲಿನವರೆಗೂ ಹರಿಯಿತು. ಸಾಲ ಕೇಳಲು ಬಂದವರು ಬಾಗಿಲಲ್ಲೇ ಮೂಗು ಮುಚ್ಚಿ ವಿಷಯವೇನೆಂದು ಕೇಳುತ್ತಿದ್ದರು. ನಾವು ಹೇಳುತ್ತಿದ್ದೆವು. ಕೇಳಿದವರು ಹಾಗೇ ಇಳಿದು ಹೋಗುತ್ತಿದ್ದರು. ನಾಲ್ಕು ಜನ ಹೀಗೆ ಹೋದ ಮೇಲೆ ಸಾಹೇಬನಿಗೆ ನಮ್ಮ ಮೇಲೆ ಕರುಣೆ ಹುಟ್ಟಿತು. ಕಂಪ್ಯೂಟರಿನಲ್ಲಿ ಏನೋ ಕುಟ್ಟಿ, ದೂರಿನ ಅರ್ಜಿ ಎಂದು ಒಂದು ಹಾಳೆ ತೆಗೆದು, ಶಾಯಿಯ ಪ್ಯಾಡು ಮುಂದಿಟ್ಟ.

“ಇಲ್ಲೊಂದು ಒತ್ತಮ್ಮ. ತನಿಖೆ ಮಾಡಿಸ್ತೀನಿ.”

ಚಿಕ್ಕಮ್ಮನ ಕೈ ತಾನಾಗಿಯೇ ಮೇಲೆದ್ದಿತು. ಹೆಬ್ಬೆಟ್ಟು ಒರೆಸಿಕೊಂಡಳು. ಊದಲು ಬಾಯಿಯ ಹತ್ತಿರ ತಂದವಳು ಅಲ್ಲೇ ನಿಲ್ಲಿಸಿದಳು.

“ಮೊದ್ಲು ಓದು.”

ಬಹಳ ಉದ್ದವಿದೆ ಎಂದ ಸಾಹೇಬ.

“ಓದು. ಕೂಲಿ ಹೋಗೇ ಹೋಯ್ತು, ನಮಗೇನೂ ಅರ್ಜೆಂಟಿಲ್ಲ.”

ಅವನು ಗಡಗಡನೆ ಓದತೊಡಗಿದ. ನಡುವಿನ ಒಂದು ಸಾಲು ಬಂದಾಗ ದನಿ ಗಂಟಲಿಗಿಳಿಯಿತು. ನಾನು ಎದ್ದು ಹಾಳೆಗೆ ಬಗ್ಗಿ ನೋಡಿದೆ. ಆ ಸಾಲಿನ ಮೇಲೆ ನಾನಿಟ್ಟ ಬೆರಳನ್ನು ನೋಡಿ, ಚಿಕ್ಕಮ್ಮ ಅದನ್ನು ಜೋರಾಗಿ ಓದಲು ಸಾಹೇಬನಿಗೆ ಹೇಳಿದಳು.

“ಸಾಲಗಾರರು ಮೂರೂ ಸಾಲಗಳನ್ನು ಸ್ವಇಚ್ಛೆಯಿಂದ ಪಡೆದಿರುವುದಾಗಿ ಒಪ್ಪಿ, ಕಂತು ಕಡಿಮೆ ಮಾಡಲು ಕೋರುತ್ತಾರೆ.”



“ಹೊಡೆದ್ಹಾಕು ಅದನ್ನ,” ಎಂದಳು ಚಿಕ್ಕಮ್ಮ. “ಹೊಡೆದ್ಹಾಕಿ, ನಾನು ಹೇಳ್ದಂಗೆ ಬರಿ.”

ಸಾಹೇಬ ಬಾಗಿಲ ಕಡೆ ನೋಡಿದ. ನಮ್ಮ ಕಾರ್ಖಾನೆಯ ಎರಡನೇ ಪಾಳಿಯ ಹೆಂಗಸರು ಮೆಟ್ಟಿಲು ಹತ್ತಿ ಬರುತ್ತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಸಂಬಳದ ಚೀಟಿ. ಅವನು ಪೆನ್ನಿನ ಮುಚ್ಚಳ ತೆಗೆದ.