ಹಸಿರು ಗುಂಡಿ ಒತ್ತಿದವರು

ಶುಕ್ರವಾರ ಸಂಜೆ ಐದೂವರೆಗೆ ಕಾಲರಕ್ಕನ ಕುಲಾವಿ ಟೀವಿಯಲ್ಲಿ ಬರುವುದಿತ್ತು.

ಕಾಲರಕ್ಕ ಅನ್ನುವುದು ಬೀದಿಯವರು ಇಟ್ಟ ಹೆಸರು. ಎಂಟು ವರ್ಷ ಗಾರ್ಮೆಂಟ್ಸಿನಲ್ಲಿ ಒಂದೇ ಸಾಲಿನಲ್ಲಿ, ಒಂದೇ ಮಿಷನ್ನಿನ ಮುಂದೆ ಕೂತು ಅಂಗಿಯ ಕಾಲರು ಬಿಟ್ಟು ಬೇರೇನನ್ನೂ ಅವಳು ಹೊಲಿದಿರಲಿಲ್ಲ. ತೋಳಿನವಳಿಗೆ ತೋಳು, ಗುಂಡಿಯವಳಿಗೆ ಗುಂಡಿ. "ನಾನು ಹೊಲಿದ ಅಂಗಿ ಪೂರ್ತಿ ಹೇಗಿರುತ್ತೆ ಅಂತ ನೋಡಬೇಕಾದರೆ ಬಸ್ಸಿನಲ್ಲಿ ಮುಂದೆ ನಿಂತವನ ಬೆನ್ನು ನೋಡಬೇಕು," ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ಹೆರಿಗೆ ರಜೆಯಲ್ಲಿ ಮನೆಗೆ ಬಂದ ಮೇಲೆಯೇ ಅವಳು ಮೊದಲ ಸಲ ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ತಾನೊಬ್ಬಳೇ ಹೊಲಿದದ್ದು. ಅದು ಮಗಳ ತಲೆಗೆ ಒಂದು ಕುಲಾವಿ.

ಅಂಗಡಿಯಿಂದ ತಂದಿದ್ದ ಕುಲಾವಿ ಮಗುವಿನ ಕಿವಿಯ ಹಿಂದೆ ಕೆಂಪು ಗೆರೆ ಮೂಡಿಸಿತ್ತು. ಇವಳು ಬಟ್ಟೆಯನ್ನು ಮೂರು ಸಲ ಒಗೆದು ಮೆದು ಮಾಡಿ, ಹೊಲಿಗೆಯೆಲ್ಲ ಹೊರಗೆ ಬರುವಂತೆ ಹೊಲಿದು, ಅದರ ಮೇಲೊಂದು ತೆಳ್ಳನೆಯ ಬಣ್ಣದ ಪಟ್ಟಿ ಓಡಿಸಿದಳು. ಒಳಗೆ ಕೈಯಾಡಿಸಿದರೆ ಒಂದು ಎಳೆಯೂ ತಾಗುವುದಿಲ್ಲ. ಪಕ್ಕದ ಮನೆಯವರು ನೋಡಿ ತಮ್ಮ ಮೊಮ್ಮಗುವಿಗೆ ಬೇಕೆಂದರು. ಅವರ ಬೀಗರು ಇನ್ನೆರಡು ಕೇಳಿದರು. ಹೀಗೆ ಆರು ತಿಂಗಳಲ್ಲಿ ಕಾಲರಕ್ಕನ ತೊಟ್ಟಿಲ ಪಕ್ಕದ ಪೆಟ್ಟಿಗೆಯಲ್ಲಿ ನೂರು ಕುಲಾವಿ ಕೂತವು.

ಸೋಮವಾರ ರಜೆ ಮುಗಿಯುತ್ತಿತ್ತು. ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಗಂಡ ಲಿಫ್ಟ್ ರಿಪೇರಿಯವನು. ಯಾವ ಕಟ್ಟಡದಲ್ಲಿ ಯಾರು ಯಾವಾಗ ಸಿಕ್ಕಿಹಾಕಿಕೊಳ್ಳುತ್ತಾರೋ, ಆಗ ಓಡಬೇಕು. ಮಗು ಅತ್ತೆಯ ಕೈಗೇ ಬೀಳಬೇಕು. "ನಾನಿಲ್ಲವೇನಮ್ಮ, ಮಗನನ್ನೂ ಮಗಳನ್ನೂ ಸಾಕಿದವಳು ನಾನೇ ತಾನೆ?" ಎಂದು ಅತ್ತೆ ಬಾಯಲ್ಲಿ ಹೇಳುತ್ತಿದ್ದರು. ಆದರೆ ಅವರ ಮಣಿಕಟ್ಟು ಸೋತು ವರ್ಷವಾಗಿತ್ತು. ಲೋಟ ಹಿಡಿದರೆ ಲೋಟ, ಮಗು ಎತ್ತಿದರೆ ಮಗು, ಯಾವುದೂ ಕೈಯಲ್ಲಿ ನಿಲ್ಲುವ ಭರವಸೆ ಅವರಿಗೇ ಇರಲಿಲ್ಲ. ಸೊಸೆ ನೋಡುತ್ತಿಲ್ಲ ಅಂದುಕೊಂಡು ಅವರು ದಿಂಬನ್ನು ಎತ್ತಿ ಇಳಿಸಿ ಅಭ್ಯಾಸ ಮಾಡುವುದನ್ನು ಕಾಲರಕ್ಕ ಎರಡು ಸಲ ನೋಡಿದ್ದಳು. ನೋಡಿ, ಸದ್ದಾಗದಂತೆ ಹಿಂದಕ್ಕೆ ಸರಿದಿದ್ದಳು.

ಟೀವಿಯ ಯೋಚನೆ ತಂದವಳು ನಾದಿನಿ. ಶಾಲೆಯ ಆಫೀಸಿನಲ್ಲಿ ಗುಮಾಸ್ತೆ, ಎರಡು ಮನೆ ಆಚೆ ವಾಸ, ಬಾಯಿಗೆ ಬೀಗವಿಲ್ಲ. "ಅತ್ತಿಗೆ, ಮನೆಯಲ್ಲಿ ಮಾಡಿದ ಸಾಮಾನನ್ನೇ ತೋರಿಸೋ ಒಂದು ಚಾನೆಲ್ ಇದೆ. ನೋಡ್ತಾ ಇರೋರಿಗೆ ಬೇಕು ಅನ್ನಿಸಿದ್ರೆ ಅಲ್ಲೇ ರಿಮೋಟಿನ ಹಸಿರು ಗುಂಡಿ ಒತ್ತಿದ್ರಾಯ್ತು, ಸಾಮಾನು ಮನೆಗೆ. ಹೊಸಬರಿಗೆ ಹತ್ತು ನಿಮಿಷ ಕೊಡ್ತಾರೆ. ಅಷ್ಟರಲ್ಲಿ ಅರವತ್ತು ಜನ ಒತ್ತಿದ್ರೆ ವಾರವಾರವೂ ನಿಮ್ಮ ಸರದಿ ಕಾಯಂ. ಮನೆಯಲ್ಲೇ ಕೂತು ಹೊಲೀಬಹುದು, ಗಾರ್ಮೆಂಟ್ಸಿಗೆ ದೊಡ್ಡ ನಮಸ್ಕಾರ."

ಕಾಲರಕ್ಕ ಕುಲಾವಿಯೊಂದನ್ನು ಕಳಿಸಿಕೊಟ್ಟಳು. ಚಾನೆಲ್ಲಿನವರ ಷರತ್ತುಗಳು ಟೀವಿ ಪರದೆಯ ಮೇಲೆ ಉದ್ದಕ್ಕೆ ಇಳಿದವು. ಐದನೆಯದನ್ನು ಓದುವಾಗ ಮಗು ಎದ್ದು ಅತ್ತಿತು. ಅವಳು ಉಳಿದದ್ದನ್ನು ಓದದೆ ಕೊನೆಗೆ ಹೋಗಿ "ಒಪ್ಪಿದೆ" ಒತ್ತಿ ಎದ್ದಳು.

ಈ ಬೀದಿಗೆ ಒಂದು ಗುಣವಿತ್ತು. ಯಾರು ಹೊಸದಾಗಿ ಏನೇ ಶುರು ಮಾಡಲಿ, ಮೊದಲ ದಿನ ಎಲ್ಲರೂ ಅಲ್ಲಿರಬೇಕು. ಮೂಲೆಯಲ್ಲಿ ಇಸ್ತ್ರಿ ಅಂಗಡಿ ತೆರೆದ ದಿನ ಮಹಡಿಮನೆಯ ಮೇಷ್ಟ್ರು ಇಸ್ತ್ರಿಯಾಗಿದ್ದ ಅಂಗಿಯನ್ನೇ ಮುದುರಿ ತಂದುಕೊಟ್ಟಿದ್ದರು. ಇಸ್ತ್ರಿಯಣ್ಣನೂ ತಿಳಿದೂ ತಿಳಿಯದವನಂತೆ ನೀರು ಚಿಮುಕಿಸಿ ಉಜ್ಜಿಕೊಟ್ಟಿದ್ದ. ಹಾಗೆ ಬದುಕಿದವರು ಅವರು. ನಾದಿನಿ ಮನೆಮನೆಗೂ ಹೋಗಿ ಹೇಳಿಬಂದಳು. ಏನು ಹೇಳಿದಳೆಂದು ಮಾತ್ರ ಅತ್ತಿಗೆಗೆ ಹೇಳಲಿಲ್ಲ.

ಐದೂವರೆಗೆ ಮನೆಯವರೆಲ್ಲ ಟೀವಿಯ ಮುಂದಿದ್ದರು. ಗಂಡ ಕೆಲಸದ ಬಟ್ಟೆಯಲ್ಲೇ ಬಂದಿದ್ದ, ಗ್ರೀಸಿನ ಕೈಯನ್ನು ಸೋಫಾಕ್ಕೆ ತಾಗಿಸದಂತೆ ಮಡಿಲಲ್ಲಿ ಮಗುಚಿಟ್ಟುಕೊಂಡು. ಅತ್ತೆ ಕನ್ನಡಕವನ್ನು ಸೆರಗಿನಿಂದ ಮೂರನೇ ಸಲ ಒರೆಸಿದರು. ನಾದಿನಿ ಕೈಯಲ್ಲಿ ಫೋನು. ಮಗು ಕಾಲರಕ್ಕನ ತೊಡೆಯ ಮೇಲೆ ಹಾಲು ಕುಡಿಯುತ್ತಿತ್ತು.

ಪರದೆಯಲ್ಲಿ ಹಲ್ಲೆಲ್ಲ ತೋರಿಸಿ ನಗುವ ಹುಡುಗಿಯೊಬ್ಬಳು ಕುಲಾವಿಯನ್ನು ಎತ್ತಿ ಹಿಡಿದಳು. ಮೂಲೆಯಲ್ಲಿ ಸೊನ್ನೆ ಕಾಣಿಸಿತು. ಕೆಳಗಿನ ಪಟ್ಟಿಯಲ್ಲಿ ನೋಡುಗರ ಪ್ರಶ್ನೆಗಳು ಓಡುತ್ತಿದ್ದವು.

"ಅಯ್ಯಯ್ಯೋ," ಎಂದಳು ಕಾಲರಕ್ಕ. "ಒಳಗು ಹೊರಗು ಮಾಡಿ ಹಿಡಿದಿದ್ದಾಳಲ್ಲ!"

ಹುಡುಗಿ ಹೊಲಿಗೆಯನ್ನು ಕಂಡು ಇದೇ ಒಳಭಾಗ ಅಂದುಕೊಂಡು ತಿರುವಿರಬೇಕು. ಹಾಗೆಯೇ ಒಂದು ಗೊಂಬೆಯ ತಲೆಗೆ ತೊಡಿಸಿದಳು. ಬಣ್ಣದ ಪಟ್ಟಿ ಒಳಗೆ ಹೋಗಿ ಮರೆಯಾಗಿತ್ತು.

"ತಿರುಗಿಸಮ್ಮ, ತಿರುಗಿಸು," ಎಂದರು ಅತ್ತೆ ಟೀವಿಗೆ.

"ಅವಳಿಗೆ ಕೇಳ್ಸುತ್ತೇನಮ್ಮ?" ಎಂದ ಮಗ.

"ಜನ ಕೇಳೋ ಪ್ರಶ್ನೆ ಅವಳಿಗೆ ಕಾಣ್ಸುತ್ತೆ, ಹೊಲಿದವರು ಹೇಳಿದ್ದು ಕೇಳ್ಸಲ್ವಾ? ಇದ್ಯಾವ ನ್ಯಾಯ?"

ಕೆಳಗಿನ ಪಟ್ಟಿಯಲ್ಲಿ ಯಾವುದೋ ಊರಿನ ಯಾರೋ ತಾಯಿಯ ಪ್ರಶ್ನೆ ಬಂತು: *ಹೊಲಿಗೆ ಮಗುವಿಗೆ ಚುಚ್ಚುತ್ತದೆಯೇ?* ಕಾಲರಕ್ಕ ಮಗುವಿನ ಮೇಲೆ ಬಾಗಿ, "ಇಲ್ಲ ಕಣಮ್ಮ, ಚುಚ್ಚಲ್ಲ, ಅದನ್ನ ಇನ್ನೊಂದು ಕಡೆಯಿಂದ ತೋರಿಸಿದ್ರೆ ಗೊತ್ತಾಗುತ್ತೆ," ಎಂದು ಮೆಲ್ಲಗೆ ಉತ್ತರ ಕೊಟ್ಟಳು. ಹುಡುಗಿ ನಕ್ಕು, "ಖಂಡಿತ ಇಲ್ಲ!" ಎಂದಳು. ಏನನ್ನೂ ತೋರಿಸಲಿಲ್ಲ.

ಆದರೂ ಅಂಕಿ ಏರಿತು. ಐದಾಯಿತು, ಹನ್ನೆರಡಾಯಿತು. ನಾಲ್ಕನೇ ನಿಮಿಷಕ್ಕೆ ಇಪ್ಪತ್ತಮೂರು. ಎಲ್ಲೋ ಇಪ್ಪತ್ತಮೂರು ಅಮ್ಮಂದಿರು ತಮ್ಮ ತಮ್ಮ ಮನೆಯಲ್ಲಿ ಕೂತು ಗುಂಡಿ ಒತ್ತಿದ್ದಾರೆ ಎಂದು ನೆನೆದು ಕಾಲರಕ್ಕನಿಗೆ ಮೈ ಜುಮ್ಮೆಂದಿತು. ಆ ಮಕ್ಕಳಲ್ಲಿ ಒಂದಕ್ಕಾದರೂ ಕಿವಿಯ ಹಿಂದೆ ಕೆಂಪು ಗೆರೆ ಇದ್ದೀತು. ಏಳನೇ ನಿಮಿಷಕ್ಕೆ ನಲವತ್ತೊಂದು.

"ಸಾಲಲ್ಲ," ಎಂದಳು ನಾದಿನಿ, ಕಾಲು ಅಲುಗಿಸುತ್ತಾ.

"ಇನ್ನೂ ಮೂರು ನಿಮಿಷ ಇದೆಯಲ್ಲ," ಎಂದ ಅಣ್ಣ.

"ಸಾಲಲ್ಲ ಅಣ್ಣ. ಇರಲಿ ಬಿಡು, ನಮ್ಮವರು ಕಾಯ್ತಿದ್ದಾರೆ."

"ಯಾರೇ ನಮ್ಮವರು?" ಎಂದಳು ಕಾಲರಕ್ಕ.

"ನೋಡ್ತಾ ಇರಿ ಅತ್ತಿಗೆ." ಅವಳ ಹೆಬ್ಬೆರಳು ಫೋನಿನ ಮೇಲೆ ಒಮ್ಮೆ ಆಡಿತು.

ಅಂಕಿ ಒಮ್ಮೆಲೇ ಹಾರಿತು. ನಲವತ್ತೊಂಬತ್ತು, ಅರವತ್ತು, ಎಪ್ಪತ್ತೆರಡು. ಗೋಡೆಯಾಚೆಯಿಂದ ಯಾರೋ "ಒತ್ತಿದೆ, ಒತ್ತಿದೆ!" ಎಂದು ಕೂಗಿದ್ದು ಕೇಳಿಸಿತು. ಅತ್ತೆ ಚಪ್ಪಾಳೆ ತಟ್ಟಿದರು. ಗಂಡ ಗ್ರೀಸು ಮರೆತು ಹೆಂಡತಿಯ ಭುಜ ಹಿಡಿದ. ಮಗು ಬೆಚ್ಚಿ ಹಾಲು ಬಿಟ್ಟಿತು. ಕಾಲರಕ್ಕ ಕಣ್ಣು ಮುಚ್ಚಿದಳು. ಸೋಮವಾರ ಬೆಳಿಗ್ಗೆ ಆರೂವರೆಯ ಬಸ್ಸು ತನ್ನನ್ನು ಬಿಟ್ಟು ಹೋಗುವುದು ಅವಳಿಗೆ ಸ್ಪಷ್ಟವಾಗಿ ಕಾಣಿಸಿತು.

ಕಣ್ಣು ತೆರೆದಾಗ ಅಂಕಿ ಇಳಿಯುತ್ತಿತ್ತು.

"ಯಾಕೆ ಇಳೀತಿದೆ?" ಎಂದ ಗಂಡ.

"ಅದು... ಈಗ ವಾಪಸ್ ತಗೋತಿದ್ದಾರೆ," ಎಂದಳು ನಾದಿನಿ. "ಮೇಷ್ಟ್ರ ಮನೇಲಿ ಕುಲಾವಿ ತಗೊಂಡು ಏನ್ಮಾಡ್ತಾರೆ? ಯಾರಿಗೂ ಹೊರೆ ಆಗಬಾರದು ಅಂತ ನಾನೇ ಹೇಳಿದ್ದೆ. ಹಸಿರು ಒತ್ತಿ, ಅರವತ್ತು ದಾಟಿದ ಕೂಡಲೇ ಕೆಂಪು ಒತ್ತಿಬಿಡಿ ಅಂತ. ದಾಟಿದ್ದು ದಾಟಿದ ಹಾಗೇ ತಾನೆ?"

ಹುಡುಗಿಯ ನಗು ಅರ್ಧಕ್ಕೇ ನಿಂತಿತು. ಅವಳಿಗೆ ಯಾರೋ ಕಿವಿಯಲ್ಲಿ ಏನೋ ಹೇಳಿದಂತಿತ್ತು. "ಈಗ ಮುಂದಿನ ಸಾಮಾನು ನೋಡೋಣವೇ?" ಎಂದಳು. ಕುಲಾವಿ ಹೋಗಿ ಬಾಟಲಿ ತೊಳೆಯುವ ಬ್ರಷ್ಷು ಬಂತು. ಒಂದು ನಿಮಿಷ ಕಳೆದು, ಈ ಮನೆಯ ಟೀವಿಯಲ್ಲಿ ಮಾತ್ರ, ಬಿಳಿಯ ಚೌಕವೊಂದು ಮೂಡಿತು. ಗಂಡ ಜೋರಾಗಿ ಓದಿದ.

"ಒಂದೇ ಪ್ರದೇಶದಿಂದ ಒಂದೇ ನಿಮಿಷದಲ್ಲಿ ಮೂವತ್ತೊಂದು ಬೇಡಿಕೆಗಳು ಬಂದು ಕೂಡಲೇ ರದ್ದಾಗಿವೆ. ಇದು ಹದಿನೇಳನೆಯ ಷರತ್ತಿನ ಉಲ್ಲಂಘನೆ. ನಿಮ್ಮ ಎಲ್ಲ ಬೇಡಿಕೆಗಳನ್ನೂ ಕೈಬಿಡಲಾಗಿದೆ. ನೀವು ಮತ್ತೆ ಸರದಿ ಪಡೆಯುವಂತಿಲ್ಲ."

"ಎಲ್ಲ ಅಂದ್ರೆ? ಆ ನಲವತ್ತೊಂದೂನಾ?" ಎಂದಳು ಕಾಲರಕ್ಕ.

ನಾದಿನಿ ಫೋನನ್ನು ಮಗುಚಿಟ್ಟಳು.

ಚೌಕದ ಕೆಳಗೆ "ಏನಾದರೂ ಹೇಳಬೇಕೆ?" ಎಂದಿತ್ತು. ಗಂಡ ರಿಮೋಟು ಹಿಡಿದ. ಪರದೆಯ ಮೇಲೆ ಅಕ್ಷರಗಳ ಮಣೆ ತೆರೆದುಕೊಂಡಿತು. ಒಂದೊಂದು ಅಕ್ಷರಕ್ಕೂ ಬಾಣದ ಗುಂಡಿ ಒತ್ತಿ ಒತ್ತಿ ಅತ್ತ ಇತ್ತ, ಮೇಲೆ ಕೆಳಗೆ ಹೋಗಬೇಕು. ಹತ್ತನೇ ಅಂತಸ್ತಿನಲ್ಲಿ ನಿಂತ ಲಿಫ್ಟನ್ನು ಕಾಲು ಗಂಟೆಯಲ್ಲಿ ಇಳಿಸುವವನು ಒಂದು ಒತ್ತಕ್ಷರ ಸಿಗದೆ ಬೆವತ.

"ಏನಂತ ಬರೀಲಿ?"

"ಅವರೆಲ್ಲ ನಮ್ಮ ಬೀದಿಯವರು, ಪ್ರೀತಿಯಿಂದ ಒತ್ತಿದ್ದು ಅಂತ ಬರೀರಿ," ಎಂದಳು ಕಾಲರಕ್ಕ. "ಆ ನಲವತ್ತೊಂದು ಜನಕ್ಕೆ ಕುಲಾವಿ ಕಳಿಸ್ತೀನಿ, ಸರದಿ ಕೊಡದಿದ್ರೂ ಪರವಾಗಿಲ್ಲ ಅಂತಾನೂ ಬರೀರಿ."

ಅವನು "ಅವರೆಲ್ಲ ನಮ್ಮ ಬೀದಿ" ವರೆಗೆ ಬರೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ತುಂಬ ಹೊತ್ತಾಯಿತಂತೆ. ಮತ್ತೆ ಮೊದಲಿನಿಂದ ಬರೆದ. ಈ ಸಲ "ನಮ್ಮವರು ಒತ್ತಿದ್ದು" ಎಂದಷ್ಟೇ ಬರೆದು ಕಳಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: *ಒಪ್ಪಿಕೊಂಡಿದ್ದಕ್ಕೆ ಧನ್ಯವಾದಗಳು. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?*

"ಒಪ್ಪಿಕೊಂಡಿದ್ದು ಯಾವನು?" ಎಂದು ಅವನು ಟೀವಿಯ ಮೇಲೆ ರೇಗಿದ. ನಕ್ಷತ್ರ ಕೊಡದೆ ಆ ಚೌಕ ಹೋಗುವ ಹಾಗೂ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಇಸ್ತ್ರಿಯಣ್ಣ, ಅವನ ಹಿಂದೆ ಮೇಷ್ಟ್ರು, ಮೇಷ್ಟ್ರ ಹೆಂಡತಿ, ಪಕ್ಕದ ಮನೆಯವರು. ಎಲ್ಲರ ಮುಖದಲ್ಲೂ ಗೆದ್ದು ಬಂದ ಕಳೆ.

"ಕಾಲರಕ್ಕ, ಬಾಯಿ ಸಿಹಿ ಮಾಡ್ಬೇಕು ಈಗ!" ಎಂದ ಇಸ್ತ್ರಿಯಣ್ಣ. "ಬಿಸಿ ಪೆಟ್ಟಿಗೆ ಬಟ್ಟೆ ಮೇಲೆ ಬಿಟ್ಟು ಓಡಿಹೋಗಿ ಒತ್ತಿದೆ ಕಣಕ್ಕ. ಗಿರಾಕಿ ಪ್ಯಾಂಟು ಸುಟ್ಟರೆ ಸುಡಲಿ ಅಂತ."

"ನಾನು ಎರಡು ಸಲ ಒತ್ತಿದೆ," ಎಂದರು ಮೇಷ್ಟ್ರು. "ಒಂದು ನಮ್ಮ ಮನೆಯದು, ಒಂದು ಬಾಡಿಗೆಯವರದ್ದು. ಅವರು ಊರಲ್ಲಿಲ್ಲ, ಬೀಗದ ಕೈ ನನ್ನ ಹತ್ರ ಇತ್ತು."

"ಕೆಂಪು ಗುಂಡಿ ಒತ್ತೋದು ಮರೆತುಹೋಗಿತ್ತು ಇವರಿಗೆ, ನಾನೇ ನೆನಪು ಮಾಡಿದ್ದು," ಎಂದರು ಹೆಂಡತಿ. "ಅರವತ್ತು ದಾಟಿತಲ್ಲ ಮಗಳೇ? ನಾವು ಕಣ್ಣಾರೆ ನೋಡಿದೆವು."

ಗಂಡ ಬಾಯಿ ತೆರೆದ. ಕಾಲರಕ್ಕ ಅವನ ಕಡೆ ನೋಡಿದಳು. ಅವನು ಟೀವಿಗೆ ಬೆನ್ನು ಕೊಟ್ಟು, ಪರದೆಗೆ ಅಡ್ಡವಾಗಿ ನಿಂತ.

"ದಾಟಿತು," ಎಂದಳು ಕಾಲರಕ್ಕ. "ಕೂತ್ಕೊಳ್ಳಿ, ಎಲ್ಲರೂ ಕೂತ್ಕೊಳ್ಳಿ. ಟೀ ತರ್ತೀನಿ."

ಮಗುವನ್ನು ಅತ್ತೆಯ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿಸಿ ಅಡುಗೆಮನೆಗೆ ಹೋದಳು. ಬೆನ್ನಿಗೇ ನಾದಿನಿ ಬಂದಳು. ಬಾಯಿಗೆ ಬೀಗವಿಲ್ಲದವಳು ಬಾಗಿಲ ಹಿಂದೆ ನಿಂತು ದುಪಟ್ಟಾ ಬಾಯಿಗೆ ತುರುಕಿಕೊಂಡಿದ್ದಳು.

"ಅತ್ತಿಗೆ, ಇನ್ನೂ ಮೂರು ನಿಮಿಷ ಇತ್ತು. ತನ್ನಷ್ಟಕ್ಕೆ ತಾನೇ ಆಗ್ತಿತ್ತೇನೋ. ನಾನೇ ಹಾಳು ಮಾಡಿದೆ."

"ಆಗ್ತಿತ್ತೋ ಇಲ್ವೋ ಯಾರಿಗ್ಗೊತ್ತು? ನಾನು ಷರತ್ತು ಐದರವರೆಗೆ ಓದಿ ಎದ್ದೆ. ಅದೂ ನೀನೇ ಮಾಡಿದ್ದಾ?"

"ನಾನು ಹೊರಗೆ ಹೋಗಿ ಎಲ್ಲರಿಗೂ ಹೇಳಿಬಿಡ್ಲಾ?"

"ಏನಂತ ಹೇಳ್ತೀಯ? ನೀವು ಒತ್ತಿದ್ದಕ್ಕೇ ಹೀಗಾಯ್ತು ಅಂತಲಾ? ಮೇಷ್ಟ್ರಿಗೆ ನಿದ್ದೆ ಹತ್ತುತ್ತಾ ಆಮೇಲೆ?" ಕಾಲರಕ್ಕ ಹಾಲು ಒಲೆಗಿಟ್ಟಳು. "ಕಣ್ಣು ಒರೆಸ್ಕೊ. ಸಕ್ಕರೆ ಡಬ್ಬ ಕೊಡು."

ಹೊರಗೆ ಇಸ್ತ್ರಿಯಣ್ಣ ಜೋರಾಗಿ ಹೇಳುತ್ತಿದ್ದ, ಮುಂದಿನ ವಾರಕ್ಕೆ ತನ್ನ ಭಾವಮೈದುನನ ಬೀದಿಯವರಿಗೂ ಹೇಳಿಡುತ್ತೇನೆ, ಅಲ್ಲಿ ನಲವತ್ತು ಮನೆ ಇದೆ ಎಂದು. ಎಲ್ಲರೂ ಹೌದೌದೆಂದರು. ಅತ್ತೆಯ ದನಿ ಮಾತ್ರ ಕೇಳಲಿಲ್ಲ. ಕಾಲರಕ್ಕ ಬಾಗಿಲ ಸಂದಿಯಿಂದ ನೋಡಿದಳು. ಅತ್ತೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒಂದರಿಂದ ಇನ್ನೊಂದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಹಿಡಿದು ನೋಡಿಕೊಳ್ಳುತ್ತಿದ್ದರು.

ಮಗು ಅಳತೊಡಗಿತು. ನಾದಿನಿ ಮುಖ ಒರೆಸಿಕೊಂಡು, "ನೀವು ಟೀ ಸೋಸಿ ಅತ್ತಿಗೆ, ನಾನು ಎತ್ಕೋತೀನಿ," ಎಂದು ಹೊರಟಳು.

ಕಾಲರಕ್ಕ ಟೀ ಜರಡಿಯನ್ನು ಅವಳ ಕೈಗಿತ್ತಳು.

"ನೀನು ಸೋಸು. ಇನ್ನೆರಡು ದಿನ ನಾನೇ ಎತ್ಕೋತೀನಿ."