ಹಿತ್ತಾಳೆಯ ಕೀಲಿಕೈ

ಒಂದೇ ಮೊಣಕಾಲಿನ ಬಗ್ಗೆ ಎರಡು ಪುಸ್ತಕಗಳಲ್ಲಿ ಎರಡು ಮಾತು ಬರೆದುಬಿಟ್ಟಿದ್ದೇನಲ್ಲ ಎಂಬುದು ಅವಳ ಚಿಂತೆ. ತೀರಾ ಸಣ್ಣ ಚಿಂತೆ ಎಂದು ತನಗೆ ತಾನೇ ಹೇಳಿಕೊಂಡಳು. ನೀಲಿ ರಟ್ಟಿನ ಪುಸ್ತಕ ಫುಟ್‌ಬಾಲ್ ತಂಡದ್ದು. ಅದರಲ್ಲಿ ಭಾವನ ಸಾಲಿನಲ್ಲಿ ‘ಸರಿ’ ಎಂದಿತ್ತು. ದಿಂಬಿನ ಕೆಳಗಿನದು ಅವಳ ಸ್ವಂತ ದಿನಚರಿ. ಅದೇ ತಾರೀಖಿನ ಪುಟದಲ್ಲಿ ‘ಭಾವನ ಎಡಮೊಣಕಾಲಿನ ಕಥೆ ಮುಗಿದ ಹಾಗೆಯೇ’ ಎಂದಿತ್ತು. ಎರಡೂ ಅವಳದೇ ಅಕ್ಷರ, ಒಂದೇ ಪೆನ್ನು.

ಪದವಿ ಮುಗಿದು ಎರಡು ವರ್ಷವಾಗಿತ್ತು. ಸಂದರ್ಶನಕ್ಕೆ ಹೋದಲ್ಲೆಲ್ಲ ಕೇಳಿದ್ದಕ್ಕೆ ಉತ್ತರ ಗೊತ್ತಿದ್ದೂ ನಾಲಿಗೆ ಹಲ್ಲಿನ ಹಿಂದೆ ಅವಿತು ಕುಳಿತುಬಿಡುತ್ತಿತ್ತು. ಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಲಾರದೆ ಸೋದರಮಾವ ಅವಳನ್ನು ತನ್ನ ತಂಡಕ್ಕೆ ಎಳೆದುಕೊಂಡ. ಮಾವನ ಉದ್ಯೋಗ ಬೀಗ ರಿಪೇರಿ. ಹುಚ್ಚು ಮಾತ್ರ ಫುಟ್‌ಬಾಲು. ಹುಡುಗರಿಗೆ ಆಟ ಹೇಳಿಕೊಡುವುದರಿಂದ ಹಿಡಿದು ಬಲೆಗೆ ಗಂಟು ಹಾಕುವವರೆಗೆ ಎಲ್ಲವೂ ಅವನದೇ. ಅವಳ ಪಾಲಿಗೆ ಬಂದದ್ದು ನೀಲಿ ಪುಸ್ತಕ. ಅಭ್ಯಾಸ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಎಲ್ಲಿ ನೋವು, ಎಷ್ಟು ನೋವು ಎಂದು ಹೇಳುವುದು, ಅವಳು ‘ಸರಿ’, ‘ಅರ್ಧ’, ‘ಇಲ್ಲ’ ಈ ಮೂರರಲ್ಲಿ ಒಂದನ್ನು ಬರೆಯುವುದು. ಹೆಂಡತಿಗೂ ಮೇಲಧಿಕಾರಿಗೂ ಸುಳ್ಳು ಹೇಳಿ ಪಳಗಿದ ಗಂಡಸರು ಅವಳ ಮುಂದೆ ನಿಜ ಹೇಳುತ್ತಿದ್ದರು. ತಿರುಗಿ ಏನೂ ಅನ್ನುವವಳಲ್ಲ ಎಂಬ ಧೈರ್ಯ. ಮಾವ ಬಾಯಿಮಾತನ್ನು ನಂಬುತ್ತಿರಲಿಲ್ಲ, ಪುಸ್ತಕವನ್ನು ನಂಬುತ್ತಿದ್ದ.

ಆ ವರ್ಷ ಪುಸ್ತಕದ ತುಂಬ ‘ಇಲ್ಲ’. ಹದಿನಾರು ಜನರಲ್ಲಿ ಇಬ್ಬರಿಗೆ ಹಿಮ್ಮಡಿ ಬಾತಿತ್ತು. ಒಬ್ಬನಿಗೆ ತೊಡೆಯ ಸ್ನಾಯು ಹರಿದಿತ್ತು. ಇನ್ನೊಬ್ಬನಿಗೆ ಮಕ್ಕಳಿಗೆ ಬರುವ ಗದ್ದಕಟ್ಟು, ಮೂವತ್ತೆರಡನೆಯ ವಯಸ್ಸಿಗೆ. ಪ್ಲಂಬರ್ ಒಬ್ಬ ಮಗಳನ್ನು ಭುಜದ ಮೇಲೆ ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿಸಿಕೊಂಡು ಬಾಗಿದವನು ಬಾಗಿದ ಹಾಗೆಯೇ ಆಸ್ಪತ್ರೆಗೆ ನಡೆದಿದ್ದ. ಉಳಿದವರು ಹನ್ನೊಂದು. ಅದೂ ಭಾವನನ್ನು ಸೇರಿಸಿದರೆ. ಕೊನೆಯ ಆಟ ಕಾರ್ಖಾನೆಯ ತಂಡದ ಜೊತೆ. ಗೋಲು ಬಿಟ್ಟುಕೊಡದೆ ಸಮ ಮಾಡಿಕೊಂಡರೂ ಸಾಕು, ಮೊದಲ ದರ್ಜೆಯಲ್ಲಿ ಉಳಿಯುತ್ತಾರೆ. ಸೋತರೆ ಕೆಳಗಿನ ದರ್ಜೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಭಾವ, ಎಂದರೆ ಅಕ್ಕನ ಗಂಡ, ಲಿಫ್ಟ್ ಮೆಕ್ಯಾನಿಕ್. ಎತ್ತರದ ಆಳು, ರಕ್ಷಣೆಯಲ್ಲಿ ನಟ್ಟನಡುವೆ ನಿಲ್ಲುತ್ತಿದ್ದ. ಹುಡುಗರು ಅವನನ್ನು ‘ಕಂಬ’ ಎನ್ನುತ್ತಿದ್ದರು. ಹೋದ ವಾರ ಅಕ್ಕ ಕೆಲಸಕ್ಕೆ ಹೋಗಿದ್ದಳೆಂದು ಅವನ ಜೊತೆ ಡಾಕ್ಟರ ಹತ್ತಿರ ಹೋದವಳು ಇವಳೇ. ಡಾಕ್ಟರು ಮೊಣಕಾಲಿನ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಎಡಗಾಲ ಮೇಲೆ ಭಾರ ಹಾಕಿ ಇನ್ನೊಂದು ಸಲ ತಪ್ಪಾಗಿ ತಿರುಗಿದರೆ ಏಣಿ ಹತ್ತುವ ಕೆಲಸ ಮರೆತುಬಿಡಬೇಕು ಎಂದಿದ್ದರು. ಲಿಫ್ಟಿನ ಬಾವಿಯೊಳಗೆ ಏಣಿಯಿಲ್ಲದೆ ಇಳಿಯುವುದುಂಟೆ? ಅದು ಮೂವರಿಗೂ ಗೊತ್ತಿತ್ತು. ಹೊರಗೆ ಬಂದು ಡಾಕ್ಟರ ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕುತ್ತ ಭಾವ ಹೇಳಿದ್ದ:

“ನಾನಿಲ್ಲ ಅಂದ್ರೆ ಹತ್ತೇ ಜನ. ಹತ್ತು ಜನ ಅಂತ ಗೊತ್ತಾದ್ರೆ ನಿಮ್ಮ ಮಾವ ಷೂ ಕಟ್ಟೋಕೆ ಮೊದಲೇ ಸೋತುಹೋಗ್ತಾರೆ. ಒಂದೇ ಒಂದು ಆಟ, ಪುಟ್ಟಿ. ‘ಸರಿ’ ಅಂತ ಬರೆದುಬಿಡು. ನಿಮ್ಮಕ್ಕನಿಗೆ ನಾನೇ ಹೇಳ್ಕೋತೀನಿ.”

ಅವಳು ಬೇಡ ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸಿನಲ್ಲಿ ಜನ ತುಂಬಿದ್ದರು. ಮನೆ ತಲುಪುವಷ್ಟರಲ್ಲಿ ಬೇಡ ಎನ್ನುವ ಹೊತ್ತು ಮೀರಿತ್ತು. ಎರಡಕ್ಷರ ತಾನೇ ಎಂದು ಬರೆದಳು.

ಅದು ಎರಡಕ್ಷರವಲ್ಲ ಎಂದು ಗೊತ್ತಾದದ್ದು ಆಟದ ಹಿಂದಿನ ದಿನ ಬೆಳಿಗ್ಗೆ, ಮಾವನ ಅಂಗಡಿಯಲ್ಲಿ. ನಾಲ್ಕು ಜನ ನಿಂತರೆ ತುಂಬುವ ಜಾಗದಲ್ಲಿ ತಂಡದ ಕೆಲವರು ಸೇರಿದ್ದರು. ಗೋಡೆಯ ತುಂಬ ಮೊಳೆಗಳಿಗೆ ನೇತುಬಿದ್ದ, ಇನ್ನೂ ಹಲ್ಲು ಕೊರೆಯದ ಕೀಲಿಕೈಗಳು, ಎಣ್ಣೆಯ ವಾಸನೆ, ಯಂತ್ರದ ಕೆಳಗೆ ಹೊಳೆಯುವ ಪುಡಿ. ಮಾವ ಪುಸ್ತಕವನ್ನು ಎಡಗಡೆ ತೆರೆದಿಟ್ಟುಕೊಂಡು ಕೌಂಟರಿನ ಮೇಲೆ ಹನ್ನೊಂದು ಕೀಲಿಕೈ ಜೋಡಿಸಿದ. ‘ಅರ್ಧ’ ಎಂದಿದ್ದವರಿಗೆ ತುಕ್ಕು ಹಿಡಿದವು. ಭಾವನಿಗೆ ಎಲ್ಲಕ್ಕಿಂತ ದೊಡ್ಡದು, ಹಿತ್ತಾಳೆಯದು, ಯಾವುದೋ ಹಳೇ ಗೋದಾಮಿನದು.

ಬೀಗದವನ ತಲೆ ಬೀಗದ ಹಾಗೆಯೇ ಓಡುತ್ತಿತ್ತು. ಓಡಲಾರದವರನ್ನು ಓಡಿಸಬಾರದು, ಬರುವವರನ್ನೇ ನಮಗೆ ಬೇಕಾದ ಕಡೆ ಕರೆಸಿಕೊಳ್ಳಬೇಕು ಎನ್ನುವುದು ಅವನ ಲೆಕ್ಕ. ಅದಕ್ಕೆ ಮೂರು ಕೂಗು ಕಟ್ಟಿದ್ದ. ‘ಕಿಟಕಿ’ ಎಂದು ಕೂಗಿದರೆ ಎಡಮೂಲೆಯನ್ನು ಬೇಕೆಂದೇ ತೆರೆದಿಡಬೇಕು. ಅವರು ಆಸೆಪಟ್ಟು ಅತ್ತ ನುಗ್ಗುತ್ತಾರೆ, ಕಂಬ ತಿರುಗಿ ಓಡಿ ಮೂಲೆಯಲ್ಲೇ ಮುಚ್ಚುತ್ತಾನೆ. ‘ಚಿಲಕ’ ಎಂದರೆ ಕಂಬನೂ ಅವನ ಪಕ್ಕದಲ್ಲಿ ಆಡುವ ಬೇಕರಿಯವನೂ ಜಾಗ ಅದಲುಬದಲು ಮಾಡಿಕೊಳ್ಳಬೇಕು. ಯಾವನು ನಿಧಾನ ಯಾವನು ಚುರುಕು ಎಂಬುದು ಎದುರಿನವರಿಗೆ ತಿಳಿಯಬಾರದು. ‘ಅಗುಳಿ’ ಎಂದರೆ ಉಳಿದವರೆಲ್ಲ ಒಂದೇ ಸಾಲಿನಲ್ಲಿ ನಿಂತಲ್ಲೇ ನಿಲ್ಲಬೇಕು, ಕಂಬ ಒಬ್ಬನೇ ಓರೆಯಾಗಿ ಸಿಡಿದು ಚೆಂಡು ಕಿತ್ತುಕೊಳ್ಳಬೇಕು.

ಗೋಲು ಕಾಯುವ ಪೋಸ್ಟ್‌ಮ್ಯಾನ್ ಬಗ್ಗಿ ನೋಡಿ, ಮನೆ ಕಟ್ಟೋ ಮೇಸ್ತ್ರಿನೂ ಇಷ್ಟು ಸಲ ಕಿಟಕಿ ಅನ್ನೋದಿಲ್ಲವಲ್ಲ ಎಂದ. ಬೇಕರಿಯವನು, ನನ್ನನ್ನು ಚುರುಕು ಅಂತ ಯಾರಾದರೂ ತಪ್ಪು ತಿಳಿದರೆ ಆ ಖುಷಿಗೇ ಬಿದ್ದುಹೋಗ್ತೀನಿ ಎಂದ. ನಗುವಿನ ನಡುವೆ ಅವಳ ಕಣ್ಣು ಹಿತ್ತಾಳೆಯ ಮೇಲೇ ಇತ್ತು. ಮಾವ ಅದನ್ನು ಸರಿಸಿದ, ತಿರುಗಿಸಿದ, ಮತ್ತೆ ಸರಿಸಿದ. ಮೂರು ಕೂಗಿನಲ್ಲೂ ತಿರುಗಲೇಬೇಕಾದದ್ದು ಅದೊಂದೇ. ಅದೂ ಪ್ರತಿ ಸಲ ಎಡಕ್ಕೆ.

“ಇದೊಂದು ಸರಿ ಇದ್ರೆ ಸಾಕು, ಮಿಕ್ಕ ಹತ್ತು ಹೇಗಿದ್ರೂ ನಡೆಯುತ್ತೆ” ಎಂದು ಮಾವ ಪುಸ್ತಕದ ಮೇಲೆ ಬೆರಳಿಟ್ಟ.

ಬೆರಳಿದ್ದದ್ದು ಅವಳು ಬರೆದ ಸಾಲಿನ ಮೇಲೆ. ಭಾವ ಬಾಗಿಲಲ್ಲಿ ಬಲಗಾಲ ಮೇಲೆ ಭಾರ ಹಾಕಿ ನಿಂತು ಅವಳ ಕಡೆ ಒಮ್ಮೆ ನೋಡಿದ, ಆಮೇಲೆ ರಸ್ತೆ ನೋಡಿದ. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ದಿನಚರಿಯಲ್ಲಿ ಆ ದಿನ ಬರೆದದ್ದು ಇಷ್ಟೇ: ‘ಮಾವ ಒಂದು ಇಡೀ ಮನೆಯನ್ನು ನನ್ನ ಸುಳ್ಳಿನ ಮೇಲೆ ಕಟ್ಟಿದ್ದಾನೆ. ಚೆನ್ನಾಗಿಯೇ ಕಟ್ಟಿದ್ದಾನೆ.’

ಮರುದಿನ ಮಧ್ಯಾಹ್ನ ಬಿಸಿಲು ಹದವಾಗಿತ್ತು, ಗಾಳಿಯಿರಲಿಲ್ಲ, ಕೂಗಿದ್ದು ದೂರಕ್ಕೆ ಕೇಳುತ್ತಿತ್ತು. ಮೊದಲರ್ಧದಲ್ಲಿ ಮಾವ ಹದಿನಾಲ್ಕು ಸಲ ಕೂಗಿದ. ಅವಳು ಪಕ್ಕದಲ್ಲಿ ಕೂತು ಗೀಟು ಹಾಕಿದಳು. ಕಾರ್ಖಾನೆಯ ಹುಡುಗರಿಗೆ ಇಪ್ಪತ್ತು ಇಪ್ಪತ್ತೆರಡರ ವಯಸ್ಸು, ಕಾಲಿಗೆ ಸ್ಪ್ರಿಂಗ್ ಹಾಕಿದ ಹಾಗೆ ಓಡುತ್ತಿದ್ದರು. ಎಡಮೂಲೆ ತೆರೆದಿದೆಯೆಂದು ನುಗ್ಗಿ, ಮೂಲೆಯಲ್ಲಿ ಸಿಕ್ಕಿಬಿದ್ದು, ಚೆಂಡು ಕಳೆದುಕೊಂಡು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಲಾಗಲಿಲ್ಲ. ಅರ್ಧ ಮುಗಿಯುವ ಹೊತ್ತಿಗೆ ಅವರಿಗೂ ಮೂರು ಮಾತಿನ ಅರ್ಥ ತಿಳಿದುಹೋಗಿತ್ತು. ಒಬ್ಬನಂತೂ ಮಾವನಿಗಿಂತ ಮೊದಲೇ ಕಿಟಕಿ ಎಂದು ಅಣಕಿಸಿದ.

ಬಿಡುವಿನಲ್ಲಿ ಮಾವ ನೀರು ಕುಡಿದು ಬಾಯಿ ಒರೆಸಿಕೊಂಡು, ಈಗಿನಿಂದ ಕಿಟಕಿ ಅಂದರೆ ಚಿಲಕ, ಚಿಲಕ ಅಂದರೆ ಅಗುಳಿ, ಅಗುಳಿ ಅಂದರೆ ಕಿಟಕಿ ಎಂದ. ಪೋಸ್ಟ್‌ಮ್ಯಾನ್ ಅದನ್ನು ಬೆರಳಲ್ಲಿ ಎಣಿಸಿಕೊಂಡು, ಒಂದೇ ಬೀದಿಯ ಮೂರು ಮನೆಯವರು ಮನೆ ಅದಲುಬದಲು ಮಾಡಿಕೊಂಡ ಹಾಗೆ ಎಂದುಕೊಂಡು ಹೋದ. ಅವಳು ಆಗ ಹೇಳಬಹುದಿತ್ತು. ಎಲ್ಲರೂ ಸುತ್ತ ಇದ್ದರು, ಅದಕ್ಕೇ ಹೇಳಲಿಲ್ಲ.

ಎರಡನೆಯರ್ಧದಲ್ಲಿ ಹೊಸ ಉಪಾಯ ಮೂವತ್ತೈದು ನಿಮಿಷ ಸೊಗಸಾಗಿ ನಡೆಯಿತು. ಕಿಟಕಿ ಎಂಬ ಕೂಗು ಕೇಳಿದ್ದೇ ಕಾರ್ಖಾನೆಯವರು ಹುಷಾರಾಗಿ ಎಡಮೂಲೆ ಬಿಟ್ಟು ನಡುವೆ ಬರುತ್ತಿದ್ದರು, ನಡುವೆ ಎಲ್ಲರೂ ಇರುತ್ತಿದ್ದರು. ಆದರೆ ಅವಳು ಚೆಂಡು ನೋಡುವುದನ್ನು ಬಿಟ್ಟಿದ್ದಳು. ಭಾವ ಈಗ ಎಡಕ್ಕೆ ತಿರುಗುತ್ತಿರಲಿಲ್ಲ. ಬಲಗಾಲ ಮೇಲೆ ಹಿಂದಕ್ಕೆ ಸರಿದು, ಗಡಿಯಾರದ ಮುಳ್ಳಿನಂತೆ ದೊಡ್ಡ ಸುತ್ತು ಹಾಕಿ ಎಡಕ್ಕೆ ಬರುತ್ತಿದ್ದ. ಬರುವಷ್ಟರಲ್ಲಿ ಪ್ರತಿ ಸಲ ಒಂದು ಹೆಜ್ಜೆ ತಡ.

“ನೋಡ್ದೆಯಾ” ಎಂದ ಮಾವ ಹೆಮ್ಮೆಯಿಂದ. “ಎಷ್ಟು ಸಾವಕಾಶ ಬರ್ತಾನೆ. ಅವರನ್ನ ಇನ್ನೂ ಒಳಕ್ಕೆ ಬಿಟ್ಕೊಳ್ಳೋಣ ಅಂತ. ನಾನು ಹೇಳಿಕೊಟ್ಟಿದ್ದಲ್ಲ ಅದು, ಅವನ ಸ್ವಂತದ್ದು.”

ಅವಳು ಪುಸ್ತಕದ ಅಂಚನ್ನು ಹಿಡಿದುಕೊಂಡಳು. ಗೋಲಿಲ್ಲದ ಆಟ, ಉಳಿದದ್ದು ಒಂಬತ್ತು ನಿಮಿಷ. ಭಾವ ಹೊರಗೆ ಬಂದರೆ ಹತ್ತೇ ಜನ, ಬೆಂಚಿನ ಮೇಲೆ ಆಡಲು ಇನ್ನೊಬ್ಬನಿಲ್ಲ. ಮೊದಲ ದರ್ಜೆಯ ಇಪ್ಪತ್ತು ವರ್ಷ ಹೋಗಬಹುದು. ಭಾವ ಒಳಗೇ ಇದ್ದರೆ ಏಣಿ ಹೋಗಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ತೂಗುವುದಕ್ಕೇನೂ ಇರಲಿಲ್ಲ. ತನ್ನನ್ನು ತಡೆದಿದ್ದು ತೂಕವಲ್ಲ, ದನಿ ಎಂದು ಅವಳಿಗೆ ಆಗ ಹೊಳೆಯಿತು. ಅದರಲ್ಲಿ ನಾಚಿಕೆ ಪಡುವಂಥದ್ದು ಬಹಳವಿತ್ತು, ಆದರೆ ನಾಚಿಕೆಗೆ ಈಗ ಪುರುಸೊತ್ತಿರಲಿಲ್ಲ.

ಬೇಕರಿಯವನು ಚೆಂಡನ್ನು ಗೆರೆಯಾಚೆ ಒದ್ದ. ಕಾರ್ಖಾನೆಯವನೊಬ್ಬ ಅದನ್ನು ತರಲು ಬೇಲಿಯವರೆಗೆ ನಡೆದ. ಆಟ ನಿಂತಿತ್ತು. ಭಾವ ಬಗ್ಗಿ ಕಾಲುಚೀಲ ಎಳೆದುಕೊಳ್ಳುವವನಂತೆ ಎಡಮೊಣಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಮಾವ ಎದ್ದು ನಿಂತು, ಎರಡು ಕೈಯನ್ನೂ ಬಾಯಿಯ ಸುತ್ತ ಕಟ್ಟಿ, ಉಸಿರು ಎಳೆದುಕೊಂಡ. ಚೆಂಡು ಗೆರೆಯಿಂದ ಒಳಗೆ ಬರುವಾಗಲೆಲ್ಲ ಕೂಗುತ್ತಿದ್ದ ಹಾಗೆ ಬರಲಿದ್ದ ಕೂಗು ಚಿಲಕ ಎಂದು ಅವಳಿಗೆ ಗೊತ್ತಿತ್ತು. ಎಂದರೆ ಅಗುಳಿ. ಎಂದರೆ ಭಾವ ಒಬ್ಬನೇ, ಎಡಗಾಲ ಮೇಲೆ, ಓರೆಯಾಗಿ.

ಅವಳು ಎದ್ದ ರಭಸಕ್ಕೆ ಪುಸ್ತಕ ಕೆಳಗೆ ಬಿತ್ತು. ಮಾವನ ಮೊಣಕೈ ಹಿಡಿದು ಕೆಳಕ್ಕೆ ಜಗ್ಗಿದಳು. ದನಿ ಅವಳು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಬಂತು; ಮೈದಾನದ ನಡುವಿನಿಂದ ಭಾವ ತಲೆ ಎತ್ತಿದ.

“ಕೂಗಬೇಡಿ ಮಾವ. ಭಾವನ ಎಡಗಾಲು ತಿರುಗೋದಿಲ್ಲ. ನನಗೆ ಹೋದ ವಾರವೇ ಗೊತ್ತಿತ್ತು. ‘ಸರಿ’ ಅಂತ ನಾನು ಬರೆದಿದ್ದು ಸುಳ್ಳು.”