ಅತ್ತೆ ಆರಿಸಿಕೊಂಡ ಪುಸ್ತಕ

ಸೊಸೆ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಾಗ ಹಾಲಿನಾಕೆ ಅಡುಗೆಮನೆಗೆ ಬಂದು ಬಾಗಿಲನ್ನು ಅರ್ಧ ಮುಂದೆ ಮಾಡಿದಳು. ಹಿಂದೆಯೇ ಎದುರುಮನೆಯ ದರ್ಜಿಯಾಕೆ. ಇಬ್ಬರ ಕಣ್ಣೂ ಅತ್ತು ಊದಿದ್ದವು.

“ಟೀಚರಮ್ಮ, ಈ ಹೊತ್ತಲ್ಲಿ ಕೇಳಬಾರದು,” ಎಂದಳು ಹಾಲಿನಾಕೆ. “ಆ ವಜ್ರದ ವ್ಯಾಪಾರೀನ ಕೊಂದಿದ್ದು ಯಾರು?”

ಸೊಸೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅವರತ್ತ ತಿರುಗಿದಳು.

“ಎರಡು ಅಧ್ಯಾಯ ಬಾಕಿ ಇತ್ತು,” ದರ್ಜಿಯಾಕೆ ಪಿಸುಗುಟ್ಟಿದಳು. “ಅಷ್ಟರಲ್ಲಿ ನಿಮ್ಮತ್ತೆ ಹೋಗಿಬಿಟ್ರು. ಇನ್ನು ನಮಗೆ ಓದೋದು ಯಾರು ಕಲಿಸ್ತಾರೆ? ಹೆಸರೊಂದು ಹೇಳಿಬಿಡಿ, ಅಲ್ಲಿಗೆ ಮುಗೀತು.”

ಹೊರಗೆ ಶವದ ಗಾಡಿ ಬಂದು ನಿಂತ ಸದ್ದಾಯಿತು. “ಆಮೇಲೆ,” ಎಂದು ಸೊಸೆ ಅತ್ತೆಯನ್ನು ಮಲಗಿಸಿದ್ದ ಹಜಾರಕ್ಕೆ ನಡೆದಳು.

*

ಅತ್ತೆಗೆ ಮೊದಲು ಅಕ್ಷರ ಬರುತ್ತಿರಲಿಲ್ಲ. ಆಯಸ್ಸೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದು ನಿವೃತ್ತರಾದ ಮೇಲೆ, ಸಂಜೆ ಕಾಲು ನೀಡಿ ಕೂತು ಸೊಸೆಯಿಂದ ಪತ್ತೇದಾರಿ ಕಾದಂಬರಿ ಓದಿಸಿಕೊಳ್ಳುವುದೇ ಅವರ ಸುಖ. ಶಾಲೆಗೆ ಪುಸ್ತಕ ಆರಿಸುವ ಹೊಣೆ ಹೊತ್ತಿದ್ದ ಸೊಸೆಗೆ ಅಂಥದ್ದನ್ನು ಕೈಯಲ್ಲಿ ಹಿಡಿಯಲೂ ಇರಿಸುಮುರಿಸು. ಬೇಗ ಮುಗಿಯಲೆಂದು ಅಲ್ಲಲ್ಲಿ ಹಾರಿಸುತ್ತಿದ್ದಳು.

ಒಂದು ಸಂಜೆ ಅತ್ತೆ ಕೈ ಅಡ್ಡ ಹಿಡಿದರು. “ಎರಡು ಹಾಳೆ ಮಗುಚಿದೆ, ಮಾತು ಒಂದು ಹಾಳೇದೂ ಆಗ್ಲಿಲ್ಲ. ನನ್ನ ಕಿವಿ ಮೇಲೆ ಹೂವಿಡ್ತೀಯಾ? ನನಗೇ ಓದೋಕೆ ಕಲಿಸು.”

ಸೊಸೆ ಹಿಗ್ಗಿ, ದೊಡ್ಡವರಿಗೆಂದೇ ಬರೆದ, ದಪ್ಪಕ್ಷರದ ಒಳ್ಳೆಯ ಪುಸ್ತಕ ತಂದಳು. ಮೊದಲ ಪಾಠ: ಕೈ ತೊಳೆಯಿರಿ.

“ಬದುಕಿಡೀ ಕೈ ನೀರಲ್ಲೇ ಇತ್ತು ಕಣೇ. ಅದನ್ನ ಈಗ ಓದಿ ತಿಳ್ಕೋಬೇಕಾ?” ಅತ್ತೆ ಪುಸ್ತಕ ಬದಿಗಿಟ್ಟರು. “ಆ ಕೊಲೆ ಪುಸ್ತಕ ಕೊಡು.”

“ಅದು ಕಷ್ಟ ಅತ್ತೆ. ಬರೀ ಒತ್ತಕ್ಷರ.”

“ಒತ್ತಕ್ಷರಕ್ಕೆ ಹೆದರಿ ಕೊಲೆಗಾರನ್ನ ಬಿಟ್ಟುಬಿಡ್ಲಾ?”

ಮೊದಮೊದಲು ಒಂದು ಸಾಲಿಗೆ ಒಂದು ಸಂಜೆ ಹಿಡಿಯಿತು. ಆಮೇಲೆ ಒಂದು ಪುಟಕ್ಕೆ. ಮುಗಿಸಿದ ಮಧ್ಯಾಹ್ನ ಅತ್ತೆ ಪುಸ್ತಕ ಎದೆಗವಚಿಕೊಂಡು ಶಾಲೆಯ ಗೇಟಿಗೇ ಬಂದಿದ್ದರು. “ಕಳ್ಳಿ, ಯಾರು ಅಂತ ನಿನಗೆ ಗೊತ್ತಿತ್ತು. ಒಂದು ಸಲಾನೂ ಬಾಯಿ ಬಿಡ್ಲಿಲ್ವಲ್ಲೇ,” ಎಂದು ಸೊಸೆಯ ಕೆನ್ನೆ ಹಿಂಡಿ ನಕ್ಕಿದ್ದರು. ಸ್ವಲ್ಪ ದಿನದಲ್ಲೇ ಹಾಲಿನಾಕೆಯನ್ನೂ ದರ್ಜಿಯಾಕೆಯನ್ನೂ ಕೂರಿಸಿಕೊಂಡು ಅದೇ ಪುಸ್ತಕದ ಮೊದಲ ಪುಟ ತೆರೆದರು. ಆ ವರ್ಷ ಶಾಲೆಗೆ ಪುಸ್ತಕ ಕೊಳ್ಳುವ ಮುಂಚೆ ಸೊಸೆ, ಮೊಟ್ಟಮೊದಲ ಬಾರಿಗೆ, ಏನು ಬೇಕೆಂದು ಮಕ್ಕಳನ್ನೇ ಕೇಳಿದಳು.

*

ಮಣ್ಣು ಮುಗಿಸಿ ಬರುವಾಗ ಸಂಜೆಯಾಗಿತ್ತು. ನೆಂಟರು ಒಬ್ಬೊಬ್ಬರಾಗಿ ಹೊರಟರು. ಅಂಗಳದಲ್ಲಿ ಉಳಿದವರು ಹಾಲಿನಾಕೆ, ದರ್ಜಿಯಾಕೆ ಇಬ್ಬರೇ. ಸೊಸೆ ಅತ್ತೆಯ ದಿಂಬಿನ ಪಕ್ಕದಿಂದ ಪುಸ್ತಕ ತಂದು ಹಾಲಿನಾಕೆಯ ಮಡಿಲಲ್ಲಿಟ್ಟಳು.

“ಹೆಸರು ಹೇಳಿ ಅಂದ್ರೆ ಇದನ್ನ ಕೊಡ್ತೀರಲ್ಲ.”

“ಅತ್ತೆಗೇ ಹೇಳಿರ್ಲಿಲ್ಲ, ನಿಮಗೆ ಹೇಳ್ತೀನಾ? ಓದಿ. ತಡವರಿಸಿದ್ರೆ ನಾನಿದ್ದೀನಿ. ನಾಳೇನೂ ಇರ್ತೀನಿ.”

ಹಾಲಿನಾಕೆ ಕಣ್ಣೊರೆಸಿಕೊಂಡು ಸಾಲಿನ ಕೆಳಗೆ ಬೆರಳಿಟ್ಟಳು. “ಪ... ತ್ತೇ... ದಾರ... ಬಾ... ಗಿ... ಲ... ನ್ನು...” ದರ್ಜಿಯಾಕೆ ಅವಳ ಭುಜಕ್ಕೆ ಭುಜ ತಾಗಿಸಿ ಬಗ್ಗಿದಳು.

ಬಾಡಿಗೆಯ ಕುರ್ಚಿ ಒಯ್ಯಲು ಬಂದವನು ಒಂದರ ಮೇಲೊಂದು ಪೇರಿಸುತ್ತ ಅವರ ಹತ್ತಿರ ಬಂದ. ಕತೆಯಲ್ಲಿ ಬಾಗಿಲು ತೆರೆಯುವಷ್ಟರಲ್ಲಿ ಅವನ ಕೈ ನಿಂತಿತು. ಪೇರಿಸಿದ್ದರಲ್ಲಿ ಮೇಲಿನದೊಂದನ್ನು ಸದ್ದಾಗದಂತೆ ಇಳಿಸಿಕೊಂಡು ಕೂತ.